ದೊರೆಗೆ ಊಟ ಆಯ್ತಾ?

ಬೀಗಣ್ಣ ಅಂಗಡಿಯ ಷಟರನ್ನು ಇನ್ನೂ ಅರ್ಧಕ್ಕೆ ಎತ್ತಿದ್ದ. ಅದರ ಕೆಳಗಿನಿಂದ ಮೊದಲು ಒಂದು ಬಟ್ಟೆಯ ಚೀಲ ಒಳಗೆ ಬಂತು. ಚೀಲದೊಳಗಿಂದ ಒಂದು ಪುಟ್ಟ ನಾಯಿಯ ತಲೆ ಹೊರಗೆ ಬಂತು. ಅದರ ಬೆನ್ನಿಗೇ ಅತ್ತೆಯ ದನಿ ಬಂತು.

"ಇವನನ್ನ ಸಂಜೆವರೆಗೆ ನೋಡ್ಕೊಂಡಿರಿ. ಆಮೇಲೆ ನಾನೇ ಬಂದು ಕರ್ಕೊಂಡು ಹೋಗ್ತೀನಿ. ಬಸ್ ಬಂತು, ಬರ್ತೀನಿ!"

ಷಟರ್ ಪೂರ್ತಿ ಮೇಲೇರುವಷ್ಟರಲ್ಲಿ ಅತ್ತೆಯೂ ಇಲ್ಲ, ಬಸ್ಸೂ ಇಲ್ಲ. ಉಳಿದದ್ದು ಬೀಗಣ್ಣ ಮತ್ತು ದೊರೆ ಅನ್ನುವ ಆ ನಾಯಿ.

ಬೀಗಣ್ಣ ಅನ್ನುವುದು ಅವನ ಹೆಸರಲ್ಲ. ಬೀಗ ರಿಪೇರಿ ಮಾಡುತ್ತಾನೆ, ಕಳೆದ ಕೀಲಿಗೆ ಬದಲಿ ಕೀಲಿ ಕಡೆದು ಕೊಡುತ್ತಾನೆ. ಹಾಗಾಗಿ ಬೀದಿಗೆಲ್ಲ ಬೀಗಣ್ಣ. ಎಂಥ ಹಟಮಾರಿ ಬೀಗವೂ ಅವನ ಕೈಗೆ ಬಂದರೆ ತೆಪ್ಪಗೆ ಬಾಯಿ ಬಿಡುತ್ತಿತ್ತು. ಆದರೆ ಬೀಗರ ಕಡೆಯವರ ಮನಸ್ಸು ತೆರೆಯುವ ಕೀಲಿ ಮಾತ್ರ ಮದುವೆಯಾಗಿ ಇಷ್ಟು ವರ್ಷವಾದರೂ ಅವನಿಗೆ ಸಿಕ್ಕಿರಲಿಲ್ಲ. ಅದಕ್ಕೆ ಕಾರಣ ಅವನ ಮರೆವು. ಒಮ್ಮೆ ಅತ್ತೆಯನ್ನು ಕಣ್ಣಿನ ಡಾಕ್ಟರ ಹತ್ತಿರ ಕೂರಿಸಿ "ಈಗ ಬಂದೆ" ಎಂದು ಹೊರಟವನು, ಮನೆಗೆ ಹೋಗಿ ಊಟ ಮಾಡಿ ನಿದ್ದೆ ಹೊಡೆದಿದ್ದ. ಇನ್ನೊಮ್ಮೆ ಅವರು ಊರಲ್ಲಿಲ್ಲದಾಗ ಗಿಡಗಳಿಗೆ ನೀರು ಹಾಕುತ್ತೇನೆಂದು ಒಪ್ಪಿಕೊಂಡಿದ್ದ. ಅವರು ತಿರುಗಿ ಬಂದಾಗ ಕುಂಡಗಳಲ್ಲಿ ಕಡ್ಡಿಗಳು ಮಾತ್ರ ನೆಟ್ಟಗೆ ನಿಂತಿದ್ದವು. ಆಮೇಲೆ ಅತ್ತೆ ಅವನ ಕೈಗೆ ಒಂದು ಛತ್ರಿಯನ್ನೂ ಕೊಟ್ಟವರಲ್ಲ.

ಅಂಥವರು ಇವತ್ತು ತಮ್ಮ ಪ್ರಾಣಕ್ಕೆ ಪ್ರಾಣವಾದ ದೊರೆಯನ್ನೇ ಕೊಟ್ಟು ಹೋಗಿದ್ದಾರೆ! ಬೀಗಣ್ಣನ ಎದೆ ಗಾಳಿ ತುಂಬಿದ ಟ್ಯೂಬಿನಂತೆ ಉಬ್ಬಿತು.

ದೊರೆ ನೋಡಲು ಹಳೆಯ ಉಣ್ಣೆ ಟೋಪಿಗೆ ನಾಲ್ಕು ಕಾಲು ಬಂದಂತಿದ್ದ. ಗತ್ತು ಮಾತ್ರ ಸಿಂಹಾಸನದಿಂದ ಈಗಷ್ಟೇ ಇಳಿದವನದ್ದು. ಅಂಗಡಿಯನ್ನೆಲ್ಲ ಒಂದು ಸುತ್ತು ಹಾಕಿ, ಗೋಡೆಗೆ ತೂಗಿದ್ದ ಕೀಲಿಗಳನ್ನು ಕತ್ತೆತ್ತಿ ನೋಡಿ, ಬೀಗಣ್ಣನ ಸ್ಟೂಲಿನ ಕೆಳಗೆ ಕೂತು ಅವನ ಮುಖವನ್ನೇ ದಿಟ್ಟಿಸತೊಡಗಿದ.

"ಹಸಿವಾ?" ಎಂದ ಬೀಗಣ್ಣ.

ದೊರೆ ನಾಲಿಗೆಯಿಂದ ಮೂಗು ನೆಕ್ಕಿಕೊಂಡ.

ಬೀಗಣ್ಣನಿಗೆ ಆಗ ಹೊಳೆಯಿತು: ಅತ್ತೆ ಊಟದ ವಿಷಯ ಏನೂ ಹೇಳಲೇ ಇಲ್ಲ. ಚೀಲ ತಡಕಿದ, ಒಂದು ಟವೆಲ್ಲು, ಒಂದು ಚೆಂಡು, ಅಷ್ಟೇ. ಫೋನ್ ಕೈಗೆತ್ತಿಕೊಂಡವನು ಹಾಗೇ ಕೆಳಗಿಟ್ಟ. ಕೇಳಿದರೆ, "ಅಷ್ಟೂ ಗೊತ್ತಾಗಲ್ವಾ ನಿಮಗೆ?" ಅನ್ನುವುದು ಖಂಡಿತ. ಹೆಂಡತಿಯನ್ನು ಕೇಳೋಣವೆಂದರೆ ಅವಳು ಆಸ್ಪತ್ರೆಯಲ್ಲಿ ನರ್ಸು. ಡ್ಯೂಟಿ ಮುಗಿಯುವವರೆಗೆ ಫೋನ್ ಲಾಕರಿನಲ್ಲಿ. ಇರಲಿ, ಒಂದು ಅಂಗೈಯಗಲದ ನಾಯಿಗೆ ಊಟ ಹಾಕುವುದು ಏನು ಮಹಾ ಎಂದುಕೊಂಡು ದೊರೆಯನ್ನು ಕಂಕುಳಲ್ಲಿ ಇರುಕಿಕೊಂಡು, ಬೀದಿಯ ತುದಿಯಲ್ಲಿದ್ದ ಸಾಕುಪ್ರಾಣಿಗಳ ಅಂಗಡಿಗೆ ನಡೆದ.

ಅಂಗಡಿಯ ಹುಡುಗಿ ಕೌಂಟರಿನ ಹಿಂದಿನಿಂದ ಕೇಳಿದಳು: "ವಯಸ್ಸೆಷ್ಟು ಸರ್?"

"ಮುಂದಿನ ತಿಂಗಳಿಗೆ ನಲವತ್ತಾರು."

"ನಾಯೀದು ಸರ್."

ಬೀಗಣ್ಣ ತಬ್ಬಿಬ್ಬಾದ. ತೂಕ ಎಷ್ಟು, ಮೊದಲು ಏನು ತಿನ್ನುತ್ತಿತ್ತು, ಹೊಟ್ಟೆ ಸೂಕ್ಷ್ಮವಾ? ಪ್ರತಿ ಪ್ರಶ್ನೆಗೂ ಅವನು ಕಂಕುಳಲ್ಲಿದ್ದ ದೊರೆಯ ಮುಖ ನೋಡಿದ.

"ಸಣ್ಣ ನಾಯಿಗೆ ಸಣ್ಣ ಕಾಳಿನದೇ ಬೇಕು ಸರ್. ಮರಿಗೆ ಬೇರೆ, ದೊಡ್ಡದಕ್ಕೆ ಬೇರೆ, ವಯಸ್ಸಾದ್ದಕ್ಕೆ ಬೇರೆ. ಎಷ್ಟು ಹಾಕಬೇಕು ಅನ್ನೋದು ತೂಕದ ಮೇಲೆ. ತಿಳ್ಕೊಂಡು ಬನ್ನಿ, ಕೊಡ್ತೀನಿ."

ತೂಕಕ್ಕೆ ಹಣ್ಣಿನಮ್ಮನ ತಕ್ಕಡಿ ಇತ್ತು. ಬೀಗಣ್ಣನ ಅಂಗಡಿಯ ಎದುರಿಗೇ ಗಾಡಿ ನಿಲ್ಲಿಸಿ ಹಣ್ಣು ಮಾರುವ ಹೆಂಗಸು ಆಕೆ. ದೊರೆಯನ್ನು ತಟ್ಟೆಯ ಮೇಲೆ ಕೂರಿಸಿದ ಕೂಡಲೇ, "ಅಯ್ಯೋ, ಒಂದು ಕಲ್ಲಂಗಡಿಯಷ್ಟೂ ಇಲ್ವಲ್ಲಪ್ಪಾ! ಏನು ಹಾಕಿ ಸಾಕ್ತಾರೋ!" ಎಂದು ಮರುಗಿದಳು. ದೊರೆ ತಟ್ಟೆಯ ಮೇಲೆ ಪಟ್ಟಾಭಿಷೇಕಕ್ಕೆ ಕೂತಂತೆ ಕೂತಿದ್ದ. ಹಿಂದೆ ಮೂಸಂಬಿ ಕೊಳ್ಳಲು ನಿಂತವರು, "ಇದು ಕೇಜಿಗೆಷ್ಟು?" ಎಂದು ಕೇಳಿದರು.

ವಯಸ್ಸಿನ ಪ್ರಶ್ನೆಯನ್ನು ಪಕ್ಕದಂಗಡಿಯ ದರ್ಜಿ ಬಗೆಹರಿಸಿದ. ಕೊರಳಲ್ಲಿ ಟೇಪು ನೇತಾಡುತ್ತಿದ್ದವನು ಓಡಿಬಂದು, ಕೇಳದಿದ್ದರೂ ದೊರೆಯ ಎದೆ, ಸೊಂಟ, ಬಾಲ ಎಲ್ಲ ಅಳೆದ. ಆಮೇಲೆ ತುಟಿ ಮೇಲೆತ್ತಿ ಹಲ್ಲು ನೋಡಿ, "ಮರಿ ಅಲ್ಲ, ಮುದುಕನೂ ಅಲ್ಲ. ನಮ್ಮ ನಿಮ್ಮ ಹಾಗೆ ಮಧ್ಯದಲ್ಲಿ ಸಿಕ್ಕಿಹಾಕ್ಕೊಂಡಿದ್ದಾನೆ" ಎಂದು ತೀರ್ಪು ಕೊಟ್ಟ.

ಅಂತೂ ನಾಯಿಕಾಳಿನ ಚೀಲ ಕೊಂಡದ್ದಾಯಿತು. ಬಟ್ಟಲಿಗೆ ಕಾಳು ಸುರಿದದ್ದಾಯಿತು. ದೊರೆ ಬಂದ, ಮೂಸಿದ, ಬೀಗಣ್ಣನ ಮುಖ ನೋಡಿದ, ತಿರುಗಿ ಹೋಗಿ ಸ್ಟೂಲಿನ ಕೆಳಗೆ ಕೂತ.

"ಒಣಗಿದ್ದು ಗಂಟಲಲ್ಲಿ ಇಳಿಯುತ್ತೇನ್ರೀ? ಬಿಸಿನೀರಲ್ಲಿ ನೆನೆಸಿ" ಎಂದ ದರ್ಜಿ. ನೆನೆಸಿದ್ದಾಯಿತು. ದೊರೆ ಮೂಸಲಿಲ್ಲ ಕೂಡ.

"ಕ್ಯಾರೆಟ್ಟು ಬೇಯಿಸಿ ಹಾಕು. ನನ್ನ ತಂಗಿ ಮನೆ ನಾಯಿ ಕಣ್ಣು ಮುಚ್ಕೊಂಡು ತಿನ್ನುತ್ತೆ" ಎಂದಳು ಹಣ್ಣಿನಮ್ಮ. ಬೇಯಿಸಿದ್ದಾಯಿತು. ದೊರೆ ಕಣ್ಣು ಮುಚ್ಚಿದ, ಬಾಯಿ ತೆರೆಯಲಿಲ್ಲ.

ಅಷ್ಟರಲ್ಲಿ ಮಹಡಿಯ ಮೇಲೆ ಜಿಮ್ ನಡೆಸುವ ಮಾಸ್ತರು ಕೆಳಗಿಳಿದು ಬಂದರು. ಅವರ ತೋಳು ಬೀಗಣ್ಣನ ತೊಡೆಯಷ್ಟಿತ್ತು. ದೊರೆಯನ್ನು ನೋಡಿ ಅವರಿಗೆ ಕರುಳು ಕಿತ್ತುಬಂತು. "ಛೆ ಛೆ! ಕಾಲು ನೋಡಿ, ಬೆಂಕಿಕಡ್ಡಿ! ಇವನಿಗೆ ಬೇಕಾಗಿರೋದು ಕೋಳಿ. ಉಪ್ಪು ಬೇಡ, ಈರುಳ್ಳಿ ಬೇಡ, ಮೂಳೆ ಬೇಡ. ಬರೀ ಮಾಂಸ, ಬರೀ ನೀರು. ನಾನು ತರ್ತೀನಿ, ನೀವು ಬೇಯಿಸಿ."

"ಕ್ಯಾರೆಟ್ಟು ಬೆಂದ ಒಲೆಯಲ್ಲೇ ಬೇಯಿಸೋದಾ ಮಾಸ್ತರೇ?"

ಇಸ್ತ್ರಿಗೆಂದು ನೀರು ಕಾಯಿಸುವ ಆ ಒಲೆ ದರ್ಜಿಯ ಅಂಗಡಿಯಲ್ಲಿತ್ತು. ಕೋಳಿ ಅಲ್ಲೇ ಬೇಯತೊಡಗಿತು. ಮೂವರೂ ಸುತ್ತ ನಿಂತು ಆಪರೇಷನ್ ಥಿಯೇಟರಿನಲ್ಲಿ ಇಣುಕುವಂತೆ ಪಾತ್ರೆಯೊಳಗೆ ಇಣುಕಿದರು. ಇತ್ತ ಬೀಗಣ್ಣ ತನ್ನ ಅಂಗಡಿಯಲ್ಲಿ ಕೊನೆಯ ಪ್ರಯತ್ನಕ್ಕೆ ಇಳಿದಿದ್ದ. ಕೌಂಟರಿನ ಕೆಳಗೆ ಮೊಣಕಾಲೂರಿ, ದೊರೆಯ ಎದುರಿಗೆ ಒಂದು ಕಾಳು ತೆಗೆದು ತನ್ನ ಬಾಯಿಗೇ ಹಾಕಿಕೊಂಡು, "ನೋಡು... ಆಹಾ! ಏನು ರುಚಿ!" ಎಂದು ಕರುಂ ಕರುಂ ಅಗಿದ. ಅದು ಮರದ ಹೊಟ್ಟಿನಂತಿತ್ತು, ನುಂಗಲಾಗಲಿಲ್ಲ. ದೊರೆ ಅವನನ್ನು ಕನಿಕರದಿಂದ ನೋಡಿದ.

ಕನಿಕರದಿಂದ ನೋಡಿದವನು ಅವನೊಬ್ಬನೇ ಅಲ್ಲ. ಕೌಂಟರಿನ ಮೇಲಿನಿಂದ ಬೆಳ್ಳಗಿನ ಮೀಸೆಯೊಂದು ಬಾಗಿತ್ತು. ನಿವೃತ್ತ ನ್ಯಾಯಾಧೀಶರು. ಕೈಯಲ್ಲಿ ಬೀಗ ಕೆಟ್ಟ ಸೂಟ್‌ಕೇಸು.

"ಊಟದ ಹೊತ್ತಿಗೆ ಬಂದೆನೇನೋ" ಎಂದರು ಅವರು ಗಂಭೀರವಾಗಿ, ನಾಯಿಕಾಳಿನ ಚೀಲವನ್ನು ನೋಡುತ್ತ.

"ಇಲ್ಲ ಸಾರ್, ಇದು ನನ್ನದಲ್ಲ... ಅಂದ್ರೆ, ನಾಯಿಗೆ ತೋರಿಸ್ತಾ ಇದ್ದೆ..."

"ಇರಲಿ, ಮುಗಿಸಿ. ಆಮೇಲೆ ಬರ್ತೀನಿ." ಅವರು ಸೂಟ್‌ಕೇಸು ಎತ್ತಿಕೊಂಡು ಹೆಜ್ಜೆ ಹಾಕಿಯೇ ಬಿಟ್ಟರು. ಬಾಗಿಲ ಹತ್ತಿರ ನಿಂತು, "ವ್ಯಾಪಾರ ಇಷ್ಟು ಕೆಟ್ಟಿದೆ ಅಂತ ಗೊತ್ತಿರಲಿಲ್ಲ" ಎಂದು ನೊಂದುಕೊಂಡರು.

ಬೀಗಣ್ಣ ಅವರ ಹಿಂದೆ ಓಡಬೇಕೆನ್ನುವಷ್ಟರಲ್ಲಿ ಪಕ್ಕದಿಂದ ದರ್ಜಿಯ ಚೀರಾಟ ಕೇಳಿತು. ಕೋಳಿಯ ಪರಿಮಳಕ್ಕೆ ಬೀದಿಯ ಬೆಕ್ಕುಗಳೆಲ್ಲ ಸಭೆ ಸೇರಿದ್ದವು. ಒಂದು ಹೊಲಿಗೆ ಮಿಷನ್ನಿನ ಮೇಲೆ, ಒಂದು ಬಟ್ಟೆಯ ಥಾನಿನ ಮೇಲೆ, ಇನ್ನೊಂದು ಮದುಮಗನ ಕೋಟಿನ ಒಂದು ತೋಳಿನೊಳಗೆ ಹೊಕ್ಕು ಇನ್ನೊಂದು ತೋಳಿನಲ್ಲಿ ಹೊರಬರುವ ಹವಣಿಕೆಯಲ್ಲಿ. ಜಿಮ್ ಮಾಸ್ತರು ಪಾತ್ರೆಯನ್ನು ಎರಡೂ ಕೈಯಲ್ಲಿ ತಲೆಯ ಮೇಲೆತ್ತಿ ಹಿಡಿದು ಕುರ್ಚಿ ಹತ್ತಿ ನಿಂತಿದ್ದರು. ಅಷ್ಟು ದೊಡ್ಡ ಆಳಿಗೆ ಬೆಕ್ಕೆಂದರೆ ಭಯ ಎನ್ನುವುದು ಬೀದಿಗೆ ಅವತ್ತೇ ಗೊತ್ತಾದದ್ದು. ಹಣ್ಣಿನಮ್ಮ ಪೊರಕೆ ಹಿಡಿದು ಬಂದು ಬೆಕ್ಕುಗಳನ್ನು ಅಟ್ಟಿದಳು. ಅವುಗಳಲ್ಲೊಂದು ದಾರಿ ತಪ್ಪಿ ಬೀಗಣ್ಣನ ಅಂಗಡಿಗೆ ನುಗ್ಗಿತು. ದೊರೆ ಒಂದೇ ನೆಗೆತಕ್ಕೆ ಬೀಗಣ್ಣನ ಅಂಗಿಯೊಳಗೆ ಸೇರಿಕೊಂಡು, ಗುಂಡಿಗಳ ನಡುವೆ ಮೂಗು ಮಾತ್ರ ಹೊರಗೆ ಚಾಚಿದ.

ಅವನ ಪುಟ್ಟ ಎದೆ ಬೀಗಣ್ಣನ ಎದೆಗೆ ಒತ್ತಿಕೊಂಡು ಡಬಡಬ ಹೊಡೆದುಕೊಳ್ಳುತ್ತಿತ್ತು. "ಹೆದರಬೇಡ ಮಾರಾಯ, ನಾನಿದ್ದೀನಲ್ಲ" ಎಂದ ಬೀಗಣ್ಣ. ಬೆಳಿಗ್ಗೆಯಿಂದ ಅತ್ತೆಯ ಮೆಚ್ಚುಗೆಗಾಗಿ ಒದ್ದಾಡಿದವನಿಗೆ, ಈಗ ಈ ಪ್ರಾಣಿ ಹಸಿದುಕೊಂಡಿದೆಯಲ್ಲ ಅನ್ನುವ ಸಂಕಟವೇ ದೊಡ್ಡದಾಯಿತು. ಕೋಳಿ ಇಟ್ಟರೂ ದೊರೆ ಇಳಿಯಲಿಲ್ಲ, ಅಂಗಿ ಬಿಡಲಿಲ್ಲ.

ಬಿಸಿಲು ಇಳಿಯುತ್ತ ಬಂದಿತ್ತು. ತಾನೂ ಏನೂ ತಿಂದಿಲ್ಲವೆಂದು ಬೀಗಣ್ಣನಿಗೆ ನೆನಪಾದದ್ದು ಆಗಲೇ. ಸೋತು ನೆಲದ ಮೇಲೇ ಕೂತು, ಹೆಂಡತಿ ಕಟ್ಟಿಕೊಟ್ಟ ಡಬ್ಬಿ ತೆಗೆದ. ಬ್ರೆಡ್ಡು, ಬೇಯಿಸಿದ ಮೊಟ್ಟೆ. ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡ. ಅಂಗಿಯೊಳಗಿಂದ ಮೂಗು ಮಿಸುಕಿತು. ಹಿಂದೆಯೇ ಬಾಯಿ ಬಂತು; ಬಂದದ್ದು ತೆರೆದುಕೊಂಡಿತು.

ಬೀಗಣ್ಣ ಉಸಿರು ಬಿಗಿಹಿಡಿದು ಒಂದು ಚೂರು ಅದಕ್ಕೂ ಇಟ್ಟ. ಗುಳುಂ!

"ತಿಂದಾ!" ಎಂದು ಅವನು ಕೂಗಿದ್ದಕ್ಕೆ ದರ್ಜಿ ಕತ್ತರಿ ಬಿಟ್ಟು, ಹಣ್ಣಿನಮ್ಮ ಗಾಡಿ ಬಿಟ್ಟು ಓಡಿಬಂದರು. ಬೀಗಣ್ಣನಿಗೊಂದು ತುತ್ತು, ದೊರೆಗೊಂದು ತುತ್ತು. ಬೀಗಣ್ಣ ನಿಲ್ಲಿಸಿದರೆ ದೊರೆಯೂ ನಿಲ್ಲಿಸುತ್ತಿದ್ದ.

"ಒಬ್ಬನೇ ಕೂತು ತಿನ್ನೋಕೆ ಬೇಜಾರು ಕಣಯ್ಯಾ ಅವನಿಗೆ! ಜೊತೆ ಬೇಕು!" ಎಂದಳು ಹಣ್ಣಿನಮ್ಮ ಕಣ್ಣೊರೆಸಿಕೊಳ್ಳುತ್ತ.

ಮೊಟ್ಟೆ ಮುಗಿಯಿತು. ಮಾಸ್ತರ ಕೈಯಲ್ಲಿ ಕೋಳಿ ಬಂತು, ಇಬ್ಬರೂ ತಿಂದರು. ಕ್ಯಾರೆಟ್ಟು ಬಂತು, ಇಬ್ಬರೂ ತಿಂದರು. ನೆನೆದ ಕಾಳಿನ ಸರದಿ ಬಂದಾಗ ಬೀಗಣ್ಣ ಬರೀ ಅಗಿಯುವ ನಟನೆ ಮಾಡಿದ. ದೊರೆ ತಲೆ ಓರೆ ಮಾಡಿ ಕಾದ. ಬೀಗಣ್ಣ ನಿಜವಾಗಿಯೇ ನುಂಗಬೇಕಾಯಿತು. ಜಿಮ್ ಮಾಸ್ತರು ಚಪ್ಪಾಳೆ ತಟ್ಟಿದರು. ದೊರೆಯ ಹೊಟ್ಟೆ ತಬಲಾದಂತಾಯಿತು.

ಆ ಸಂಭ್ರಮದ ನಡುವೆ ಅತ್ತೆ ಬಸ್ಸಿಳಿದು ಬಂದರು. ಬೀಗಣ್ಣ ಎದ್ದು ನಿಂತು, ಬಹುಮಾನ ಪಡೆಯುವವನಂತೆ ನಾಯಿಯನ್ನು ಮುಂದಕ್ಕೆ ಹಿಡಿದ.

"ನೋಡಿ ಅತ್ತೆ! ಬ್ರೆಡ್ಡು, ಮೊಟ್ಟೆ, ಕೋಳಿ, ಕ್ಯಾರೆಟ್ಟು, ಕಾಳು. ಹೊಟ್ಟೆ ತುಂಬಾ! ಒಂದು ಚೂರೂ ಬಿಟ್ಟಿಲ್ಲ!"

ಅತ್ತೆ ನಾಯಿಯ ಹೊಟ್ಟೆ ಮುಟ್ಟಿ ನೋಡಿದರು. ಸ್ಟೂಲಿನ ಮೇಲೆ ಕುಸಿದು ಕೂತರು.

"ಏನು ಮಾಡಿಬಿಟ್ರಿ! ಈಗ ಇವನ ಹಲ್ಲು ಕ್ಲೀನ್ ಮಾಡಿಸೋಕೆ ಕರ್ಕೊಂಡು ಹೋಗಬೇಕಿತ್ತು. ಪ್ರಜ್ಞೆ ತಪ್ಪಿಸೋ ಇಂಜೆಕ್ಷನ್ ಕೊಡ್ತಾರೆ. ಬೆಳಿಗ್ಗೆಯಿಂದ ಒಂದಗುಳೂ ಹೊಟ್ಟೆಗೆ ಹೋಗಬಾರದು ಅಂತ ಡಾಕ್ಟರು ಒತ್ತಿ ಒತ್ತಿ ಹೇಳಿದ್ರು."

ಜಿಮ್ ಮಾಸ್ತರು ಪಾತ್ರೆಯನ್ನು ಬೆನ್ನ ಹಿಂದೆ ಸರಿಸಿದರು.

"ಒಂದು ಮಾತು ಹೇಳಬಾರದಿತ್ತಾ ಅತ್ತೆ?" ಬೀಗಣ್ಣನ ದನಿ ಅಳುವಿನ ಅಂಚಿನಲ್ಲಿತ್ತು.

"ಹೇಳಿದ್ರೆ ನಿಮಗೆ ಪೂರ್ತಿ ನೆನಪಿರುತ್ತಾ? 'ಊಟ ಹಾಕಬೇಡಿ' ಅಂತ ಹೇಳಿ ಹೋಗ್ತೀನಿ. ಕೊನೇಲಿರೋ 'ಬೇಡಿ' ಮರೆತುಹೋಗಿ ಮಿಕ್ಕಿದ್ದು ಉಳ್ಕೊಂಡ್ರೆ? ಹೋದ ಸಲ ನಾನೇ ನೋಡ್ಕೊಂಡೆ. ಇವನು ಮುಖ ನೋಡ್ತಾ ಕೂತ, ಕರಗಿಹೋಗಿ ಬಿಸ್ಕೆಟ್ ಹಾಕಿಬಿಟ್ಟೆ. ಡಾಕ್ಟರು ಬೈದು ವಾಪಸ್ ಕಳಿಸಿದ್ರು. ಅದಕ್ಕೇ ಈ ಸಲ ಕೂತು ಯೋಚನೆ ಮಾಡಿದೆ. ಕಣ್ಣೆದುರಿಗೆ ನಾಯಿ ಕೂತಿದ್ರೂ ಸಂಜೆವರೆಗೆ ಅದಕ್ಕೆ ಊಟ ಹಾಕೋದು ನೆನಪಾಗದೆ ಇರೋರು ಈ ಪ್ರಪಂಚದಲ್ಲಿ ಯಾರಿದ್ದಾರೆ ಅಂತ." ಅವರು ನಿಟ್ಟುಸಿರು ಬಿಟ್ಟರು. "ನಿಮ್ಮ ಮೇಲೆ ಅಷ್ಟು ನಂಬಿಕೆ ಇಟ್ಕೊಂಡಿದ್ದೆ!"

ಬೀಗಣ್ಣನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅತ್ತೆ ಡಾಕ್ಟರಿಗೆ ಫೋನ್ ಮಾಡಿ, ಬೈಸಿಕೊಂಡು, ಮುಂದಿನ ವಾರದ ಹೊತ್ತು ಗೊತ್ತು ಮಾಡಿಕೊಂಡರು. ಫೋನ್ ಇಟ್ಟ ಮೇಲೆ ಅವರ ಕಣ್ಣು ದೊರೆಯ ಮೇಲೆ ಹೋಯಿತು. ದೊರೆ ಬೀಗಣ್ಣನ ಭುಜಕ್ಕೆ ಗಲ್ಲ ಆನಿಸಿ, ತೃಪ್ತಿಯಿಂದ ಸಣ್ಣಗೆ ತೇಗಿದ. ಅತ್ತೆಯ ಮುಖ ಮೆತ್ತಗಾಯಿತು.

"ನನ್ನ ಮನೇಲಿ ಇವನು ಹೀಗೆ ಯಾವತ್ತೂ ಹೊಟ್ಟೆ ತುಂಬಾ ತಿಂದಿಲ್ಲ" ಎಂದರು ಮೆಲ್ಲಗೆ. "ಅದು ಹೇಗೆ ತಿನ್ನಿಸಿದ್ರಿ?"

ಬೀಗಣ್ಣ ಬಾಯಿ ತೆರೆಯುವ ಮೊದಲೇ ಮೂವರೂ ಒಟ್ಟಿಗೆ ಹೇಳಿದರು. ಹಣ್ಣಿನಮ್ಮನಂತೂ ನೆಲದ ಮೇಲೆ ಕೂತು ಅಭಿನಯಿಸಿಯೇ ತೋರಿಸಿದಳು: "ಇವರೊಂದು ತುತ್ತು ತಿಂದ್ರೆ ಅವನೊಂದು ತುತ್ತು ತಿಂತಾನೆ ಕಣಮ್ಮಾ. ಇವರು ನಿಲ್ಲಿಸಿದ್ರೆ ಅವನೂ ಬಾಯಿ ಮುಚ್ತಾನೆ."

"ಹಾಗಾ?" ಅತ್ತೆ ಚೀಲ ಎತ್ತಿಕೊಂಡು ಎದ್ದು ನಿಂತರು. "ಹಾಗಿದ್ರೆ ನಾವಿಬ್ಬರೂ ಒಂದು ವಾರ ನಿಮ್ಮನೇಲೇ ಇರ್ತೀವಿ. ದಿನಾ ಮೂರು ಹೊತ್ತು ಇವನ ಜೊತೆ ಕೂತು ಊಟ ಮಾಡಿ, ಇವನು ಸ್ವಲ್ಪ ಮೈ ತುಂಬಿಕೊಳ್ಳಲಿ."

"ಆಗಲಿ ಅತ್ತೆ" ಎಂದ ಬೀಗಣ್ಣ. ನೆನೆದ ಕಾಳಿನ ರುಚಿ ಇನ್ನೂ ನಾಲಿಗೆಯ ಮೇಲಿತ್ತು.

"ಆದ್ರೆ ಡಾಕ್ಟರ ಹತ್ತಿರ ಹೋಗೋ ದಿನ" ಎಂದರು ಅತ್ತೆ, ಬೆರಳೆತ್ತಿ ಎಚ್ಚರಿಸುತ್ತ, "ಬೆಳಿಗ್ಗೆಯಿಂದ ನಿಮಗೂ ಊಟ ಇಲ್ಲ."