ಬಾಳೆಕಂದು ಮತ್ತು ಕ್ಲಚ್ಚಿಲ್ಲದ ಕಾರು

ಗಂಟು ಹಾಕುವುದರಲ್ಲಿ ನನ್ನಷ್ಟು ಗಟ್ಟಿಗ ನಮ್ಮ ಮನೆತನದಲ್ಲಿ ಇನ್ನೊಬ್ಬನಿಲ್ಲ. ಬಿಚ್ಚುವ ವಿದ್ಯೆ ಮಾತ್ರ ನನಗೆ ಈ ಜನ್ಮದಲ್ಲಿ ಒಲಿದಿಲ್ಲ. ಧಾರವಾಡದಿಂದ ಮುಂಬಯಿಗೆ ಬಂದಾಗ ಹಾಸಿಗೆ ಸುರುಳಿಯ ಹಗ್ಗ ಬಿಚ್ಚಲಾರದೆ ಮೂರು ದಿನ ಬರಿಯ ನೆಲದ ಮೇಲೆ ಮಲಗಿದವನು ನಾನು. ಪಾಯಜಾಮದ ಲಾಡಿಯ ಸುದ್ದಿ ಕೇಳಲೇಬೇಡಿ. ಇಂಥವನ ಕೈಗೆ ನಮ್ಮ ಆಫೀಸಿನ ಪಾರಸಿ ಸಾಹೇಬರು ತಮ್ಮ ಅಮೆರಿಕನ್ ಕಾರನ್ನು ಒಪ್ಪಿಸಿ ಎರಡು ತಿಂಗಳು ವಿಲಾಯತಿಗೆ ಹೋದರು. ತಪ್ಪು ಯಾರದೆಂದು ನೀವೇ ಹೇಳಿ.

ಆ ಕಾರಿಗೆ ಕ್ಲಚ್ಚೇ ಇರಲಿಲ್ಲ. ಗೇರನ್ನು ತಾನೇ ಬದಲಾಯಿಸಿಕೊಳ್ಳುತ್ತಿತ್ತು. ಸ್ಟಿಯರಿಂಗಿನ ಕೆಳಗೆ ಒಂದು ಹಿಡಿ, ಅದರ ಜೊತೆಗೆ ಸರಿಯುವ ಒಂದು ಮುಳ್ಳು. ಮುಳ್ಳು ‘ನಿಲ್ಲು’ ಎಂಬ ಗುರುತಿಗೆ ಬಂದರೆ ನಿಲ್ಲಬೇಕು, ‘ಮುಂದೆ’ ಎಂದರೆ ಮುಂದೆ, ‘ಹಿಂದೆ’ ಎಂದರೆ ಹಿಂದೆ. ನನ್ನ ಎಡಗಾಲು ಮಾಡಲು ಕೆಲಸವಿಲ್ಲದೆ ರಜೆಯಲ್ಲಿರುವ ಗುಮಾಸ್ತನಂತೆ ಸುಮ್ಮನೆ ಕುಳಿತಿರುತ್ತಿತ್ತು. ಸಾಹೇಬರು ಈ ಕಾರನ್ನು ಪ್ರತಿ ಭಾನುವಾರ ತಾವೇ ಮಲ್‌ಮಲ್ ಬಟ್ಟೆಯಿಂದ ಒರೆಸುತ್ತಿದ್ದರು, ಜವಾನನಿಗೂ ಮುಟ್ಟಗೊಡುತ್ತಿರಲಿಲ್ಲ. ವಾರಕ್ಕೊಮ್ಮೆ ಒಂದು ಸುತ್ತು ಓಡಿಸು, ಬೇರೆ ಏನೂ ಮಾಡಬೇಡ, ಹೆಡ್ ಕ್ಲಾರ್ಕ್ ಹುದ್ದೆಯ ವಿಷಯ ನಾನು ಬಂದ ಮೇಲೆ ನೋಡೋಣ ಎಂದು ಹೇಳಿ ಹೋದರು. ಹುದ್ದೆಯ ಮಾತು ನನ್ನ ಕಿವಿಯಲ್ಲಿ ಉಳಿಯಿತು. ‘ಬೇರೆ ಏನೂ ಮಾಡಬೇಡ’ ಎಂದದ್ದು ಉಳಿಯಲಿಲ್ಲ.

ಅಷ್ಟರಲ್ಲಿ ಆಯುಧಪೂಜೆ ಬಂತು. ಸಯನ್ನಿನ ನಮ್ಮ ಬಿಲ್ಡಿಂಗಿನಲ್ಲಿ ಹೊಲಿಗೆ ಮಷಿನ್ನು, ಸೈಕಲ್ಲು, ಒಬ್ಬರ ಮನೆಯ ರೇಡಿಯೋ ಕೂಡ ಹೂವು ಮುಡಿದು ಕೂತಿದ್ದವು. “ಎಲ್ಲಾರ ಸೈಕಲ್ಲಿಗೂ ಪೂಜಿ ಆಗೇದ, ಸಾಹೇಬರ ಕಾರು ಹಂಗ ನಿಂತದಲ್ರಿ. ಎರಡು ಬಾಳೆಕಂದರ ಕಟ್ಟಬಾರದ?” ಎಂದಳು ನನ್ನ ಹೆಂಡತಿ ಸರೋಜ. ಕಟ್ಟಲು ಹೋದೆ. ಬಂಪರಿಗೆ ಕಟ್ಟಿದರೆ ಅದರ ಹೊಳಪಿಗೆ ಗೀರು ಬಿದ್ದೀತೆಂದು ಹೆದರಿ, ಜಾಣನಂತೆ ಬಾನೆಟ್ ಎತ್ತಿ, ಒಳಗೆ ಕೈಗೆ ಸಿಕ್ಕ ಒಂದು ಸರಳಿಗೆ ತೆಂಗಿನ ನಾರಿನ ಹಗ್ಗವನ್ನು ಬಿಗಿದೆ. ಮರುದಿನ ಗಂಟು ಬಿಚ್ಚಲಿಲ್ಲ. ಕಾಲು ಊರಿ ಜಗ್ಗಿದೆ. ಹಗ್ಗ ಹರಿದು ಬಾಳೆಕಂದು ಬಂತು, ನಾನೂ ಅದರ ಹಿಂದೆಯೇ ಅಂಗಳದಲ್ಲಿ ಬಿದ್ದೆ.

ಅಂದಿನಿಂದ ಕಾರಿನ ಬುದ್ಧಿ ಕೆಟ್ಟಿತು. ‘ನಿಲ್ಲು’ ಎಂದರೆ ಮೆಲ್ಲಗೆ ಮುಂದೆ ತೆವಳುತ್ತಿತ್ತು, ‘ಹಿಂದೆ’ ಎಂದರೆ ಗೊರಗೊರ ಅಂದು ಅಲ್ಲೇ ನಿಲ್ಲುತ್ತಿತ್ತು. ಹತ್ತಿರದ ಗ್ಯಾರೇಜಿನವನು ಒಂದು ಸಲ ಬಗ್ಗಿ ನೋಡಿ, ಗೇರ್‌ಬಾಕ್ಸು ಇಳಿಸಿ ಅಮೆರಿಕಕ್ಕೇ ಕಳಿಸಬೇಕು ಎಂದುಬಿಟ್ಟ. ಸಾಹೇಬರು ವಿಮಾನದಿಂದ ಇಳಿಯಲು ಮೂರೇ ದಿನ ಉಳಿದಿತ್ತು. ಹೆಡ್ ಕ್ಲಾರ್ಕ್ ಹುದ್ದೆ ಹೋಗಲಿ, ಇದ್ದ ಕುರ್ಚಿಯಾದರೂ ಉಳಿದೀತೇ ಎಂದು ನನಗೆ ಊಟ ಸೇರದಾಯಿತು.

ನಾನು ದಿನಾ ಕಾಫಿ ಕುಡಿಯುವ ಉಡುಪಿ ಹೋಟೆಲಿನ ಮಾಲೀಕರು ನನ್ನ ಮೋರೆ ನೋಡಿ, ಸಂಗತಿ ಕೇಳಿಕೊಂಡು, ವಡಾಲದಲ್ಲಿ ತಮ್ಮ ಚಿಕ್ಕಮ್ಮನ ಮಗನ ಕಾರು ರಿಪೇರಿಯ ಶೆಡ್ಡು ಇದೆ, ಅಲ್ಲಿಗೆ ಹೋಗಿ ಎಂದರು. ಮನೆಯವರೆಲ್ಲ ಹೋಟೆಲು ಇಟ್ಟರೆ ಆ ಸಂಜೀವಣ್ಣ ಒಬ್ಬರು ದೋಸೆಯ ಕಾವಲಿ ಬಿಟ್ಟು ನಟ್ಟು ತಿರುಗಿಸುವ ಪಾನಾ ಹಿಡಿದವರಂತೆ. ಹಿಂದಕ್ಕೆ ಹೋಗುವ ಪ್ರಸಂಗ ಎಲ್ಲಿಯೂ ಬರಬಾರದೆಂದು ದೇವರನ್ನು ಬೇಡುತ್ತ, ರಸ್ತೆಯುದ್ದಕ್ಕೂ ಬ್ರೇಕಿನ ಮೇಲೆ ನಿಂತೇ ವಡಾಲ ಮುಟ್ಟಿದೆ.

ಆ ಮನುಷ್ಯನ ಕೆಲಸವನ್ನು ನೀವು ನೋಡಬೇಕಿತ್ತು. ಮೊದಲು ಕಾರಿನ ಅಡಿಗೆ ಸರಿದು, ಹಿಡಿಗೂ ಗೇರ್‌ಬಾಕ್ಸಿಗೂ ನಡುವೆ ಇರುವ ಸರಳಿನ ಪಿನ್ನು ಕಳಚಿ, ಸರಳನ್ನು ಹೊರಗೆ ತೆಗೆದರು. ಅದು ಬಾಗಿತ್ತು. ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿ, ಒಂದು ಕಣ್ಣು ಮುಚ್ಚಿ ನೋಡಿ, ಮತ್ತೆ ತಟ್ಟಿ ನೆಟ್ಟಗೆ ಮಾಡಿದರು. ಆಮೇಲೆ ಗೇರ್‌ಬಾಕ್ಸಿನ ಪಕ್ಕಕ್ಕೆ ಕಿವಿಯಂತೆ ಚಾಚಿದ ತುಂಡನ್ನು ಕೈಯಿಂದಲೇ ಸರಿಸುತ್ತ, ಒಳಗೆ ‘ಟಕ್’ ಎನ್ನುವುದನ್ನು ಕಿವಿಗೊಟ್ಟು ಎಣಿಸಿ, ‘ನಿಲ್ಲು’ ಎಂಬ ಜಾಗದಲ್ಲಿ ಕೂರಿಸಿದರು. ಮೇಲೆ ಮುಳ್ಳನ್ನು ಅದೇ ಗುರುತಿನಲ್ಲಿ ಹಿಡಿದಿರಲು ಶೆಡ್ಡಿನ ಹುಡುಗನಿಗೆ ಹೇಳಿದರು, ನಾನು ಪಕ್ಕದಲ್ಲಿ ಬಗ್ಗಿ ಕೂತು ನೋಡಿದೆ. ಸರಳಿನ ತುದಿಯ ತಿರುಪನ್ನು ಅರ್ಧ ಸುತ್ತು ತಿರುಗಿಸುವುದು, ಪಿನ್ನು ಇಟ್ಟು ನೋಡುವುದು, ತೆಗೆಯುವುದು, ಮತ್ತೆ ಅರ್ಧ ಸುತ್ತು. ಹೀಗೆ ಒಂದು ಗಂಟೆಯಾಯಿತು. ಸ್ವಲ್ಪ ಒತ್ತಿದರೆ ಹೋಗುತ್ತದಲ್ಲ, ಒತ್ತಿಬಿಡಿ ಎಂದೆ.

“ಒತ್ತಿ ಕೂರಿಸಿದ್ರೆ ನಾಳೆ ಎದ್ದು ಬರ್ತದೆ ಮಾರಾಯ್ರೆ. ಅದಾಗಿಯೇ ಬೀಳ್ಬೇಕು.”

ಮತ್ತೆ ಕಾಲು ಸುತ್ತು. ಪಿನ್ನನ್ನು ತೂತಿನ ಮೇಲೆ ಇಟ್ಟು ಕೈಬಿಟ್ಟರು. ಅದು ಸದ್ದಿಲ್ಲದೆ ಒಳಗೆ ಇಳಿಯಿತು. ನಗಬೇಡಿ, ನನ್ನ ಕಣ್ಣಲ್ಲಿ ನೀರು ಬಂತು. ಇಪ್ಪತ್ತು ವರ್ಷ ಕಾಗದದ ಮೇಲೆ ಪೆನ್ನು ಒತ್ತಿದ ನಾನು ಒಂದು ಕೆಲಸವನ್ನೂ ಹೀಗೆ ಮಾಡಿದವನಲ್ಲ.

ಸಂಜೀವಣ್ಣ ಕೈ ಒರೆಸಿಕೊಂಡು, ಸರಳಿಗೆ ಸುತ್ತಿಕೊಂಡಿದ್ದ ಒಂದು ಗೇಣು ಹಗ್ಗವನ್ನು ನನ್ನ ಕೈಗಿಟ್ಟು, “ಇದು ಅಮೆರಿಕದವರು ಕಟ್ಟಿದ್ದಲ್ಲ ಅಲ್ವಾ?” ಎಂದರು. ನಾನು ಅದನ್ನು ಜೇಬಿಗೆ ತುರುಕಿದೆ. ಅವರು ಮತ್ತೇನೂ ಕೆದಕಲಿಲ್ಲ. ದೊಡ್ಡ ಗಾಡಿಯವರು ಯಾರೂ ತಮ್ಮ ಶೆಡ್ಡಿನತ್ತ ತಲೆ ಹಾಕುವುದಿಲ್ಲ, ಕೆಲಸ ಮೆಚ್ಚಿಗೆಯಾದರೆ ಸಾಹೇಬರಿಗೆ ತಮ್ಮ ಹೆಸರು ಹೇಳಬೇಕು ಎಂದಷ್ಟೇ ಕೇಳಿಕೊಂಡರು. ಹೇಳುತ್ತೇನೆಂದು ಮಾತು ಕೊಟ್ಟೆ.

ಸಾಂತಾಕ್ರೂಜಿನ ವಿಮಾನ ನಿಲ್ದಾಣಕ್ಕೆ ನಾನು ಒಯ್ದ ಕಾರಿನಲ್ಲಿ ಸಾಹೇಬರು ತಾವೇ ಸ್ಟಿಯರಿಂಗ್ ಹಿಡಿದರು. ಪೊಲೀಸಿನವನು ಕೈ ಅಡ್ಡ ಮಾಡಿದಾಗ ಬ್ರೇಕ್ ಒತ್ತಿ ಹಿಡಿಯನ್ನು ‘ನಿಲ್ಲು’ ಗುರುತಿಗೆ ಸರಿಸಿದರು. ಕಾರು ಬಂಡೆಯಂತೆ ನಿಂತಿತು. ತಾವು ಹೋಗುವಾಗಲೂ ಇದು ಇಷ್ಟು ನಯವಾಗಿರಲಿಲ್ಲ ಎಂದು ಬೆರಗಾಗಿ, “ಯೇ ಕಿಸ್ನೆ ಕಿಯಾ?” ಎಂದು, ಇದು ಯಾರ ಕೈಕೆಲಸವೆಂದು ಕೇಳಿದರು. ಸಂಜೀವಣ್ಣನ ಹೆಸರು ಹೇಳಿದರೆ ಏಕೆ ಹೋಗಿದ್ದೆ ಎನ್ನುತ್ತಾರೆ, ಏಕೆಂದು ಹೇಳಿದರೆ ಹಗ್ಗದ ಸುದ್ದಿ ಹೊರಬೀಳುತ್ತದೆ. ಏನೋ ಸ್ವಲ್ಪ ನಿಗಾ ಇಟ್ಟಿದ್ದೆ ಸಾರ್ ಎಂದುಬಿಟ್ಟೆ. ಸಾಹೇಬರು ಬೆನ್ನು ತಟ್ಟಿದರು. ಮಾಹಿಮಿನಲ್ಲಿ ಆ ಹಿಡಿ ಮತ್ತೊಮ್ಮೆ ಬೆಣ್ಣೆಯಂತೆ ಸರಿಯಿತು. ಕೈಬಿಟ್ಟ ಪಿನ್ನು ತಾನಾಗಿ ಇಳಿದದ್ದು ಕಣ್ಣ ಮುಂದೆ ಬಂತು, ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಸಂಜೀವಣ್ಣ ಎಂದೆ, ಆಮೇಲೆ ಬಾಳೆಕಂದು, ಹಗ್ಗ, ಅಂಗಳದಲ್ಲಿ ಬಿದ್ದದ್ದು, ಎಲ್ಲ ಹೇಳಿದೆ. ದಾದರಿನಲ್ಲಿ ಸಾಹೇಬರು ಕಾರನ್ನು ಮನೆಯ ಕಡೆಗಲ್ಲ, ವಡಾಲದ ಕಡೆಗೆ ತಿರುಗಿಸಿದರು.

ಈಗ ಸಾಹೇಬರ ಕಾರೂ ಅವರ ಗೆಳೆಯರ ಕಾರುಗಳೂ ರಿಪೇರಿಗೆ ಸಂಜೀವಣ್ಣನ ಶೆಡ್ಡಿನಲ್ಲೇ ನಿಲ್ಲುತ್ತವೆ. ಹೆಡ್ ಕ್ಲಾರ್ಕ್ ಹುದ್ದೆ ನನಗೇ ಬಂತು, ಆದರೆ ಫೈಲುಗಳಿಗೆ ಲಾಡಿ ಕಟ್ಟಬೇಕಾದವನು ಜವಾನನೇ ಎಂಬ ಕಟ್ಟಪ್ಪಣೆಯೊಂದಿಗೆ. ಆಯುಧಪೂಜೆಗೆ ಬಾಳೆಕಂದು ಕಟ್ಟುವವರು ಸಂಜೀವಣ್ಣ. ನಾನು ಆರತಿ ತಟ್ಟೆ ಹಿಡಿದು ನಾಲ್ಕು ಮಾರು ದೂರ ನಿಲ್ಲುತ್ತೇನೆ. ಈ ವರ್ಷ ನಾನು ತಂದ ಹೂವಿನ ಹಾರವನ್ನು ಸಾಹೇಬರು ತಿರುಗಿಸಿ ಮುರುಗಿಸಿ ನೋಡಿ, ಇದರ ಗಂಟು ಹಾಕಿದವರು ಯಾರು ಎಂದು ಕೇಳಿದರು. ನನ್ನ ಹೆಂಡತಿ ಎಂದೆ. ಆಮೇಲೆಯೇ ಅದನ್ನು ಕಾರಿಗೆ ಹಾಕಲು ಬಿಟ್ಟರು.