ಕುದುರೆ ಹತ್ತದ ಕುದುರೆ ಮಾಮಾ

ಕುದುರೆಯ ಬಗ್ಗೆ ನಮ್ಮ ಮಾಮಾನಿಗೆ ಗೊತ್ತಿಲ್ಲದ ಸಂಗತಿ ಈ ಭೂಮಿಯ ಮೇಲೆ ಒಂದೇ ಒಂದು: ಅದರ ಮೇಲೆ ಕೂತರೆ ಹೇಗಿರುತ್ತದೆ ಎಂಬುದು! ಅರವತ್ತು ದಾಟಿದರೂ ಒಮ್ಮೆಯೂ ಹತ್ತಿಲ್ಲ. ಯಾಕೆಂದು ಕೇಳಿದರೆ, "ಮ್ಯಾಲ ಕೂತ್ರ ಅದರ ಮಾರಿ ಕಾಣಂಗಿಲ್ಲಲ್ಲ" ಎನ್ನುತ್ತಾರೆ. ಇದಕ್ಕೆ ಏನು ಹೇಳುತ್ತೀರಿ? ಇಂಥ ಮನುಷ್ಯ ನನ್ನ ಮದುವೆಯನ್ನು ಅಕ್ಷತೆ ಬೀಳುವ ಮೊದಲೇ ಮುರಿಯುವ ಹಂತಕ್ಕೆ ತಂದಿದ್ದರು. ಅದೂ ಒಂದು ಕುದುರೆಗಾಗಿ. ಹೇಳುತ್ತೇನೆ, ತಡೆಯಿರಿ. ಮೊದಲು ಮಾಮಾನ ಪರಿಚಯವಾಗಲಿ.

ಮಾಮಾ ಎಂದರೆ ನನ್ನ ಅವ್ವನ ತಮ್ಮ. ಔರಾದದ ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದರು. ಕುದುರೆ ಸಿಗುತ್ತದೆ ಎಂಬ ಆಸೆಯಿಂದಲೇ ಆ ನೌಕರಿಗೆ ಸೇರಿದ್ದು. ಆದರೆ ನೌಕರಿಯ ಉದ್ದಕ್ಕೂ ಬಂದದ್ದು ಎಮ್ಮೆ, ಎತ್ತು, ಆಡು, ಒಂದು ಸಲ ಯಾರದೋ ಗಿಳಿ. ಆದರೂ ಅವರ ಅಂಗಿಯ ಜೇಬಿನಲ್ಲಿ ಒಂದು ಸಣ್ಣ ಕಬ್ಬಿಣದ ಕೊಕ್ಕೆ ಸದಾ ಇರುತ್ತಿತ್ತು. ಕುದುರೆಯ ಗೊರಸಿನಲ್ಲಿ ಕಲ್ಲು ಸಿಕ್ಕರೆ ತೆಗೆಯುವುದಕ್ಕಂತೆ! ಆ ಕೊಕ್ಕೆಯಿಂದ ಅವರು ಡಬ್ಬಿಯ ಮುಚ್ಚಳ ತೆಗೆದಿದ್ದಾರೆ, ಪಾಯಿಜಾಮಾಕ್ಕೆ ಲಾಡಿ ಏರಿಸಿದ್ದಾರೆ, ಕೀಲಿ ಕಳೆದ ನಮ್ಮ ಕಪಾಟು ಬಿಚ್ಚಿದ್ದಾರೆ. ಕುದುರೆಯೊಂದನ್ನು ಬಿಟ್ಟು ಎಲ್ಲಕ್ಕೂ ಅದು ಉಪಯೋಗಕ್ಕೆ ಬಂದಿತ್ತು.

"ನೋಡ್ಕೋತ ಇರು ಅಕ್ಕಾ, ಒಂದ್ ದಿನ ಇದು ಕುದುರಿಗಿ ಬೇಕಾಗ್ತದ" ಎನ್ನುತ್ತಿದ್ದರು.

"ನಿನ್ನ ಕುದುರಿ ಬರೂದ್ರಾಗ ಅದಕ್ಕ ಜಂಗ್ ಹಿಡಿತದ ತಮ್ಮಾ, ತೆಂಗಿನಕಾಯಿ ನಾರಾದ್ರೂ ತೆಗಿ" ಎನ್ನುತ್ತಿದ್ದಳು ಅವ್ವ.

ನಾನು ಮೂರನೆಯ ತರಗತಿಯಲ್ಲಿದ್ದಾಗ ಅಪ್ಪ ತೀರಿಕೊಂಡರು. ಆ ವಾರದಿಂದ ಪ್ರತಿ ಶನಿವಾರ ಮಾಮಾ ಔರಾದದಿಂದ ಬಸ್ಸಿನಲ್ಲಿ ಬೀದರದ ನಮ್ಮ ಮನೆಗೆ ಬರತೊಡಗಿದರು. ಬಂದ ಕೂಡಲೇ ಓಣಿಯ ಮಕ್ಕಳೆಲ್ಲ ನಮ್ಮ ಕಟ್ಟೆಗೆ ಹಾಜರ್. ಬೇರೆ ಮನೆಯ ಮಾವಂದಿರು ಬಿಸ್ಕೀಟು ತರುತ್ತಿದ್ದರು, ನಮ್ಮ ಮಾಮಾ ತರುತ್ತಿದ್ದದ್ದು ಬರೀ ಕುದುರೆಯ ಸುದ್ದಿ. ಕುದುರೆಗೆ ವಾಂತಿ ಬರುವುದಿಲ್ಲ. ಬಾಯಿಂದ ಉಸಿರಾಡುವುದಿಲ್ಲ. ಎರಡು ಕಿವಿಗಳನ್ನು ಎರಡು ದಿಕ್ಕಿಗೆ ತಿರುಗಿಸಬಲ್ಲದು. ಮರಿ ಹುಟ್ಟಿ ಒಂದು, ಒಂದೂವರೆ ತಾಸಿನಲ್ಲಿ ಎದ್ದು ನಿಲ್ಲುತ್ತದೆ. ಈ ಕೊನೆಯ ಸಂಗತಿ ಹೇಳಿ, ಹತ್ತು ತಿಂಗಳಾದರೂ ಇನ್ನೂ ಅಂಬೆಗಾಲಿಡುತ್ತಿದ್ದ ಪಕ್ಕದ ಮನೆಯ ಕೂಸನ್ನು ಮಾಮಾ ಒಂದು ಥರಾ ನೋಡಿದರು. ಅದರ ಅಜ್ಜಿ ಎರಡು ತಿಂಗಳು ನಮ್ಮ ಮನೆಯ ಮೊಸರು ಮುಟ್ಟಲಿಲ್ಲ.

"ಕುದುರಿ ನಿಂತಲ್ಲೇ ನಿದ್ದಿ ಮಾಡ್ತದ. ಅದರ ಕಾಲಿಗಿ ದೇವರು ಚಿಲಕ ಇಟ್ಟಾನ. ಚಿಲಕ ಹಾಕ್ಕೊಂಡು ನಿಂತ್ರ ಬೀಳಂಗಿಲ್ಲ" ಎಂದು ಒಂದು ಶನಿವಾರ ಹೇಳಿದರು.

"ಮತ್ತ ಮಲಗೂದೇ ಇಲ್ಲೇನ್ ಮಾಮಾ?"

"ಜರಾ ಹೊತ್ತು ಮಲಗ್ತಾವ. ಆದರ ಎಲ್ಲಾ ಕೂಡಿ ಒಮ್ಮೆಲೆ ಮಲಗಂಗಿಲ್ಲ. ಒಂದರೆ ನಿಂತು ಕಾಯ್ತದ."

"ಯಾವುದು ನಿಲ್ತದ? ಪಾಳಿ ಅದ ಏನು?"

ಮಾಮಾ ಸ್ವಲ್ಪ ಯೋಚಿಸಿ, "ಯಾವುದಕ್ಕ ನಿದ್ದಿ ಬರಲ್ಲ, ಅದು" ಎಂದರು.

ಅಷ್ಟಕ್ಕೇ ಬಿಡುವ ಆಸಾಮಿಯೇ? ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಮಾಮಾ ಕೂಡುತ್ತಿರಲಿಲ್ಲ. ಔರಾದದಿಂದ ಬೀದರದವರೆಗೆ ಕಂಬ ಹಿಡಿದು ನಿಂತೇ ಬರುವುದು. ಕಂಡಕ್ಟರ್ ಕೇಳಿದರೆ ಕಾಲಿನ ಚಿಲಕದ ಕಥೆ ಹೇಳುವುದು. ಒಂದು ದಿನ ಡ್ರೈವರ್ ಜೋರಾಗಿ ಬ್ರೇಕು ಒತ್ತಿದ. ಮಾಮಾ ಹೋಗಿ ಮೆಣಸಿನಕಾಯಿಯ ಚೀಲದ ಮೇಲೆ ಬಿದ್ದರು. ಕಂಡಕ್ಟರ್ ಎಬ್ಬಿಸಿ, "ಚಿಲಕ ತಪ್ಪೇದರಿ ಕಾಕಾ, ಇನ್ನಾದ್ರೂ ಕೂಡ್ರಿ" ಎಂದನಂತೆ. ಕೂಡಲಿಲ್ಲ. ಸೀನುತ್ತಾ ನಿಂತೇ ಬಂದರು.

ರವಿವಾರ ಮಕ್ಕಳ ದಂಡನ್ನು ಕಟ್ಟಿಕೊಂಡು ಅಷ್ಟೂರಿನ ಗುಮ್ಮಟಗಳಿಗೆ ಹೋಗುತ್ತಿದ್ದರು. ಅಲ್ಲಿ ಮಲಗಿರುವ ಬಾದಶಾಹರ ಸುದ್ದಿ ಮಾತ್ರ ಒಂದಕ್ಷರ ಇಲ್ಲ! ಒಮ್ಮೆ ಪರವೂರಿನವರೊಬ್ಬರು ಮಾಮಾನನ್ನೇ ಗೈಡು ಎಂದು ತಿಳಿದು, ಈ ಗೋರಿ ಯಾರದು ಎಂದು ಕೇಳಿದರು. "ಅದು ಅಲ್ಲಿ ಬೋರ್ಡಿನ ಮ್ಯಾಲ ಬರದಾರ್ರಿ. ಆದರ ಒಂದು ಮಾತು. ಇವರೆಲ್ಲಾ ಕುದುರಿ ಹತ್ತಿದವರು. ಕುದುರಿಗಿ ತನ್ನ ಹಣಿ ಮುಂದ ಇದ್ದದ್ದು ಕಾಣಲ್ಲ, ಬಾಲದ ಹಿಂದ ಇದ್ದದ್ದು ಕಾಣಲ್ಲ. ಅದಕ್ಕ ಅದರ ಕಡಿ ಹೋಗಬೇಕಾದ್ರ ಎಡಬಾಜೂದಿಂದ, ಮಾತಾಡ್ಕೋತ, ಸಾವಕಾಶ ಹೋಗಬೇಕು" ಎಂದು ಅವರ ಎಡಗಡೆಯಿಂದ ಮಾತಾಡುತ್ತಾ ಹೋಗಿ ತೋರಿಸಿಯೂ ಬಿಟ್ಟರು. ಆತ ಬೆದರಿ ಕಾರು ಹತ್ತಿದ. ಮಾಮಾ ಮನುಷ್ಯರ ಹತ್ತಿರವೂ ಹೀಗೆಯೇ ಬರುವುದು. ಅಡುಗೆಮನೆಯಲ್ಲಿ ಅವ್ವನ ಎಡಗಡೆಯಿಂದ, "ಬಂದೆ ಅಕ್ಕಾ, ನಾನೇ ಬಂದೆ" ಎನ್ನುತ್ತಾ.

ಈಗ ನನ್ನ ಮದುವೆಗೆ ಬನ್ನಿ. ವರ ಎಕಂಬಾದ ಒಕ್ಕಲುತನದ ಮನೆಯವರು, ಬೀದರದಲ್ಲಿ ಬ್ಯಾಂಕಿನ ನೌಕರಿ. ನಾನು ನೋಡಿದ್ದು ಎರಡೇ ಸಲ, ಎರಡೂ ಸಲ ಹಿರಿಯರ ನಡುವೆ. ತಂದೆ ಇಲ್ಲದ ಹುಡುಗಿಗೆ ಇಂಥ ಸಂಬಂಧ ಕೂಡಿಬಂದಿದೆ ಎಂದು ಅವ್ವ ಕಂಡ ದೇವರಿಗೆಲ್ಲ ಹರಕೆ ಹೊತ್ತಿದ್ದಳು. ಅವರ ಮನೆಯಲ್ಲಿ ದೊಡ್ಡಪ್ಪ ಒಬ್ಬರು, ಮೀಸೆ ದೊಡ್ಡದು, ಸಿಟ್ಟು ಇನ್ನೂ ದೊಡ್ಡದು. ನಿಶ್ಚಯದ ದಿನ ಚಹಾದಲ್ಲಿ ಸಕ್ಕರೆ ಕಡಿಮೆಯಾಯಿತೆಂದು ಎದ್ದು ನಿಂತವರು.

ಮದುವೆ ಭಾಲ್ಕಿಯಲ್ಲಿ. ನಮ್ಮ ಕಡೆ ವರ ಕುದುರೆಯ ಮೇಲೆ ಹನುಮಪ್ಪನ ಗುಡಿಗೆ ಹೋಗಿ ಕೈಮುಗಿದು, ಅಲ್ಲಿಂದ ಬಾಜಾ ಬಜಂತ್ರಿಯೊಂದಿಗೆ ಮಂಟಪಕ್ಕೆ ಬರಬೇಕು. ಇಳಿಯುವುದು ಮಂಟಪದ ಬಾಗಿಲಲ್ಲೇ. ಕುದುರೆ ತರಿಸುವುದು ಹೆಣ್ಣಿನವರ ಕೆಲಸ. ಅವ್ವ ಆ ಕೆಲಸವನ್ನು ಬೇಕೆಂದೇ ಬೇರೆಯವರಿಗೆ ವಹಿಸಿದಳು. ಮಾಮಾ ಹೋದರೆ ಜಿಲ್ಲೆಯ ಕುದುರೆಗಳ ಹಲ್ಲೆಲ್ಲ ಎಣಿಸಿ ಬರುವಷ್ಟರಲ್ಲಿ ನನಗೆ ಮೊಮ್ಮಕ್ಕಳಾಗುತ್ತಿದ್ದವು. ಸಾಲದ್ದಕ್ಕೆ ಆಣೆ ಬೇರೆ.

"ತಮ್ಮಾ, ಇವತ್ತು ಒಂದ್ ದಿನ ಕುದುರಿ ಮಾತು ನಿನ್ನ ಬಾಯಾಗ ಬರಬಾರದು. ನನ್ನ ಮ್ಯಾಲ ಆಣಿ."

"ಆತು ಅಕ್ಕಾ."

ಗುಲಾಬಿ ನೀರಿನ ದಾನಿ ಕೈಗೆ ಕೊಟ್ಟು ಮಾಮಾನನ್ನು ಮಂಟಪದ ಬಾಗಿಲಲ್ಲಿ ನಿಲ್ಲಿಸಿದೆವು. ನಾನು ಮಹಡಿಯ ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ. ಬಾಜಾ ಬಂತು, ಕುಣಿಯುವವರು ಬಂದರು, ಅವರ ಹಿಂದೆ ಬಿಳಿ ಕುದುರೆಯ ಮೇಲೆ ವರ. ಮಂಟಪ ಇನ್ನೂ ನೂರು ಹೆಜ್ಜೆ ದೂರವಿತ್ತು. ಮಾಮಾ ಗುಲಾಬಿ ನೀರಿನ ದಾನಿಯನ್ನು ಪಕ್ಕದವರ ಕೈಗೆ ಕೊಟ್ಟದ್ದು ಕಂಡಿತು. ಕುದುರೆ ಕಂಡರೆ ಕಾಲುನೋವು ಎಂಬ ಗಾದೆ ನಮಗೆಲ್ಲ. ನಮ್ಮ ಮಾಮಾನಿಗೆ ಕಂಡದ್ದು ಕುದುರೆಯ ಕಾಲುನೋವು.

ನೇರ ಹೋಗಿ, ಎಡಗಡೆಯಿಂದ, ಮಾತಾಡುತ್ತಾ ಹೋಗಿ, ಲಗಾಮು ಹಿಡಿದು ನಿಂತರು. ಬಾಜಾ ನಿಂತಿತು. ದೊಡ್ಡಪ್ಪನ ಗದರಿಕೆ ಮೇಲಿನವರೆಗೂ ಕೇಳಿಸಿತು, ಉಳಿದ ಮಾತನ್ನೆಲ್ಲ ಓಣಿಯ ಮಕ್ಕಳು ಆಮೇಲೆ ಒಂದಕ್ಷರ ಬಿಡದೆ ಒಪ್ಪಿಸಿದರು.

"ಅಳಿಯಾ ಸಾಹೇಬರು ಜರಾ ಕೆಳಗ ಇಳೀಬೇಕ್ರಿ."

ದೊಡ್ಡಪ್ಪನ ಮೀಸೆ ಮುಂದೆ ಬಂತು. "ಏನಂದ್ರಿ? ನಮ್ಮ ವರನಿಗಿ ನಡುದಾರ್ಯಾಗ ಇಳಸ್ತೀರಿ? ನಮ್ಮ ಮರ್ಯಾದಿ ತೆಗಿಲತ್ತೀರೇನು?"

"ಮರ್ಯಾದಿ ಅಲ್ರಿ, ಕಲ್ಲು ತೆಗಿಬೇಕಾಗ್ಯಾದ. ಬಲಗಾಲು ಊರಿದಾಗ ತಲಿ ಮ್ಯಾಲ ಎತ್ಲತ್ತದ, ನೋಡ್ರಿ. ಮುಂದಿನ ಬಲಗಾಲು ನೋವದ."

"ಇದಾ ಮಾತಿಗಿ ನಾವು ಹೊಳ್ಳಿ ಎಕಂಬಾಕ್ಕ ಹೋಗ್ತೀವಿ!"

ಅಷ್ಟರಲ್ಲಿ ಮಾಮಾನ ಈಗಿನ ತಲೆಮಾರಿನ ಶಿಷ್ಯರಾದ ನಮ್ಮ ಓಣಿಯ ಮಕ್ಕಳು ದೊಡ್ಡಪ್ಪನನ್ನು ಸುತ್ತುವರಿದಿದ್ದರು. ಒಬ್ಬಳು, "ಅಜ್ಜಾ, ಕುದುರಿ ಹಿಂದ ನಿಂದ್ರಬ್ಯಾಡ್ರಿ, ಅದಕ್ಕ ಕಾಣಲ್ಲ, ಒದೀತದ" ಎಂದಳು. ದೊಡ್ಡಪ್ಪ ಹಾರಿ ಮುಂದೆ ಬಂದರು. "ಅಲ್ಲೂ ಕಾಣಲ್ರಿ" ಎಂದ ಇನ್ನೊಬ್ಬ. ಬೀಗರ ಕಡೆಯವರೊಬ್ಬರು ಸಮಾಧಾನಕ್ಕೆಂದು ಕುದುರೆಯ ಬಾಯಿಗೆ ಪೇಢೆ ಹಿಡಿದರು. "ಬ್ಯಾಡ್ರಿ! ಅದಕ್ಕ ವಾಂತಿ ಬರಲ್ಲ!" ಎಂದು ಹನ್ನೆರಡು ಮಕ್ಕಳು ಒಟ್ಟಿಗೆ ಕೂಗಿದರು.

ನಗಬೇಡಿ. ಕೆಳಗೆ ಅವ್ವ ಕಂಬ ಹಿಡಿದು ಕೂತುಬಿಟ್ಟಿದ್ದಳು. ದೊಡ್ಡಪ್ಪ ನಿಜಕ್ಕೂ ಜೀಪಿನ ಕಡೆ ಕೈ ಮಾಡಿದ್ದರು. ನಾನು ಕೈಯಲ್ಲಿದ್ದ ಮದರಂಗಿ ನೋಡಿಕೊಂಡು, ಇಷ್ಟು ಕೆಂಪಗೆ ಹತ್ತಿದ್ದು ದಂಡವಾಯಿತಲ್ಲ ಎಂದುಕೊಂಡೆ. ಮಾಮಾನ ಮೇಲೆ ಬಂದ ಸಿಟ್ಟಿನಲ್ಲಿ ಕಿಟಕಿಯಿಂದಲೇ ಜಿಗಿಯುವವಳಿದ್ದೆ.

ಆಗ ವರ ಕುದುರೆಯಿಂದ ಇಳಿದರು. ಯಾರನ್ನೂ ಕೇಳಲಿಲ್ಲ. ಇಳಿದು, "ಯಾವ ಕಾಲು ಅಂದ್ರಿ ಮಾಮಾ?" ಎಂದರು.

ಮಾಮಾ ಜೇಬಿಗೆ ಕೈ ಹಾಕಿದರು. ಮೂವತ್ತು ವರ್ಷ ಕಾದಿದ್ದ ಕೊಕ್ಕೆ ಹೊರಗೆ ಬಂತು! ವರ ಲಗಾಮು ಹಿಡಿದು ಕುದುರೆಯ ಕುತ್ತಿಗೆ ಸವರುತ್ತಾ ನಿಂತರು. ಮಾಮಾ ಗೊರಸನ್ನು ಮೊಣಕಾಲ ನಡುವೆ ಇಟ್ಟುಕೊಂಡು ಅಡಿಕೆ ಗಾತ್ರದ ಕಲ್ಲೊಂದನ್ನು ತೆಗೆದು ಎಲ್ಲರಿಗೂ ತೋರಿಸಿದರು. ಕುದುರೆಯವನು ಅದನ್ನು ನೋಡಿ, "ಮುಂಜಾನಿ ನಾ ನೋಡಬೇಕಾಗಿತ್ತು ಸಾಹೇಬ" ಎಂದು ಅದರ ಕಾಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡ.

"ಈಗರೆ ಹತ್ತು" ಎಂದರು ದೊಡ್ಡಪ್ಪ.

"ಕಾಲು ಇನ್ನಾ ನೋಯ್ತಿರ್ತದ ದೊಡ್ಡಪ್ಪಾ. ನೂರು ಹೆಜ್ಜಿ ಅದ, ನಡೀತೀನಿ."

"ಮಂದಿ ಏನಂತಾರ?"

"ಬರ್ಲಕ ಹೇಳ್ರಿ, ಅವರೂ ನಡೀಲಿ."

ಕುದುರೆಯನ್ನು ಹಿಡಿದುಕೊಂಡು ಬಾಸಿಂಗದ ವರ ಭಾಲ್ಕಿಯ ಬೀದಿಯಲ್ಲಿ ನಡೆದು ಬಂದರು. ದೊಡ್ಡಪ್ಪ ಗೊಣಗುತ್ತಾ ಹಿಂದೆ ಬಂದರು, ಚಹಾಕ್ಕೆ ಈ ಸಲ ಸಕ್ಕರೆ ನಾಲ್ಕು ಚಮಚ ಹಾಕಿಸಿದೆವು. ಅಕ್ಷತೆ ಅರ್ಧ ತಾಸು ತಡವಾಗಿ ಬಿತ್ತು.

ಸಂಜೆ ನನ್ನನ್ನು ಒಪ್ಪಿಸಿಕೊಡುವ ಹೊತ್ತು. ಅವ್ವ ನನ್ನ ಸೆರಗನ್ನು ಮತ್ತೆ ಮತ್ತೆ ಸರಿಮಾಡುತ್ತಿದ್ದಳು. ಮಾಮಾ ಬಂದರು, ನನ್ನ ಎಡಗಡೆಯಿಂದ, "ಬಂದೆ ಬೇಟಾ, ನಾನೇ ಬಂದೆ" ಎನ್ನುತ್ತಾ. ಅಳು ತಡೆಯಲು ನಾನು, "ಮಾಮಾ, ಒಂದು ಕುದುರಿ ಮಾತು ಹೇಳ್ರಿ" ಎಂದೆ.

ಅವರು ಜೇಬಿನ ಕೊಕ್ಕೆಯನ್ನೊಮ್ಮೆ ಮುಟ್ಟಿ ನೋಡಿಕೊಂಡರು. "ಕುದುರಿ ಬಗ್ಗೆ ನನಗ ಎಲ್ಲಾ ಗೊತ್ತಿತ್ತು ಬೇಟಾ. ಈ ಹುಡುಗನ ಬಗ್ಗೆ ಏನೂ ಗೊತ್ತಿದ್ದಿಲ್ಲ. ನಿಶ್ಚಯ ಆದಾಗಿಂದ ನಿದ್ದಿ ಬಂದಿಲ್ಲ. ಇವತ್ತು ಗೊತ್ತಾತು" ಎಂದು ನನ್ನ ಕೈಯನ್ನು ನನ್ನ ಗಂಡನ ಕೈಯಲ್ಲಿಟ್ಟರು.

ಮರುದಿನ ಅವ್ವ ಫೋನು ಮಾಡಿದಳು. ಭಾಲ್ಕಿಯಿಂದ ಬೀದರಕ್ಕೆ ಹೊರಟ ಬಸ್ಸಿನಲ್ಲಿ ಮಾಮಾ ಹತ್ತಿದ ಕೂಡಲೇ ಕಿಟಕಿಯ ಸೀಟು ಹಿಡಿದು ಕೂತರಂತೆ. ಬೀದರ ಬರುವವರೆಗೆ ಅಕ್ಕನ ಹೆಗಲ ಮೇಲೆ ತಲೆ ಇಟ್ಟು ಮಲಗಿಬಿಟ್ಟರಂತೆ.