ಅವರವರ ಗಾಳಿ ಅವರವರದೇ

ನಿಯಮ ಒಂದೇ ಇತ್ತು. ನಿಮ್ಮ ದೇಹದಲ್ಲಿ ಆದದ್ದನ್ನು ನೀವೇ ಹೇಳಬೇಕು, ಆದ ಹೊತ್ತಿಗೇ ಹೇಳಬೇಕು, ಆಗದೇ ಇದ್ದರೆ ‘ಆಗಿಲ್ಲ’ ಎನ್ನಬೇಕು. ಅದನ್ನು ಬರೆದವನು ನಾನೇ. ದೊಡ್ಡ ಅಕ್ಷರದಲ್ಲಿ ಮುದ್ರಿಸಿ ವಾರ್ಡಿನ ಗೋಡೆಗೂ ಪ್ರತಿ ರೋಗಿಯ ನೋಟ್‌ಬುಕ್ಕಿನ ಮೊದಲ ಪುಟಕ್ಕೂ ಅಂಟಿಸಿದವನೂ ನಾನೇ. ಅದನ್ನು ಮುರಿಯದವರು ಯಾರಾದರೂ ಸಿಗುತ್ತಾರೇನೋ ಎಂದು ರೋಣ, ನರಗುಂದ, ಗಜೇಂದ್ರಗಡಗಳ ನಡುವೆ ಮೋಟರ್‌ಸೈಕಲ್ಲಿನ ಟಯರು ಸವೆಸಿದವನೂ ನಾನೇ. ನಿಯಮ ಒಮ್ಮೆ ಮುರಿದರೆ ತಪ್ಪು ಅನ್ನಬಹುದು. ನಮ್ಮಲ್ಲಿ ವಾರಕ್ಕೆ ನಾಲ್ಕು ಸಲ ಆಗುತ್ತಿತ್ತು, ಅದೂ ಬಹಳ ಒಳ್ಳೆಯ ಮನಸ್ಸಿನಿಂದ.

ನಮ್ಮ ಆಸ್ಪತ್ರೆಯಲ್ಲಿ ಒಂದು ಸಂಶೋಧನೆ ನಡೆದಿತ್ತು. ಹೊಟ್ಟೆಯ ಆಪರೇಷನ್ ಆದವರು ಹೊಲಿಗೆಯ ನೋವಿಗೆ ಹೆದರಿ ಆಳವಾಗಿ ಉಸಿರೆಳೆಯುವುದಿಲ್ಲ. ಕಫ ಕಟ್ಟಿ ಶ್ವಾಸಕೋಶ ಕೆಡುತ್ತದೆ. ಇತ್ತ ಕರುಳು ಕೆಲಸ ಬಿಟ್ಟು ಮಲಗಿರುತ್ತದೆ. ದಿನಾ ಉಸಿರಿನ ವ್ಯಾಯಾಮ ಮಾಡಿಸಿದರೆ ಎರಡೂ ಲಗೂನೆ ದಾರಿಗೆ ಬರುತ್ತವೆಯೇ ಎಂಬುದು ಪ್ರಶ್ನೆ. ಅದಕ್ಕಾಗಿ ಪ್ರತಿಯೊಬ್ಬರಿಗೂ ಒಂದು ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಮೂರು ಚೆಂಡು. ಕೊಳವೆ ಬಾಯಲ್ಲಿಟ್ಟು ಉಸಿರೆಳೆದರೆ ಎಳೆತಕ್ಕೆ ತಕ್ಕಂತೆ ಒಂದೋ ಎರಡೋ ಮೂರೋ ಚೆಂಡು ಮೇಲೇಳುತ್ತವೆ. ಎಷ್ಟು ಎದ್ದವು, ಕೆಳಗಿನ ಗಾಳಿ ಯಾವಾಗ ಹೋಯಿತು, ಇಷ್ಟನ್ನು ಬರೆದಿಡಬೇಕು. ಕೊಯ್ಯುವವರು ಡಾಕ್ಟರರು. ಬರೆದದ್ದು ಖರೆಯೋ ಸುಳ್ಳೋ ನೋಡುವವನು ನಾನು.

ಒಂದು ಗುರುವಾರ ಫೋನು ಬಂತು, ಸೋಮವಾರ ತಪಾಸಣೆ ಅಂತ. ನಾವು ಹಿಡಿಯದೆ ಬಿಟ್ಟ ಸುಳ್ಳು ಬರಹ ಸಿಕ್ಕರೆ, ಇಲ್ಲವೇ ರದ್ದಾದ ನೋಟ್‌ಬುಕ್ಕುಗಳು ಹೆಚ್ಚಾದರೆ, ನಮ್ಮ ಕೇಂದ್ರ ಸಂಶೋಧನೆಯಿಂದ ಹೊರಗೆ. ಎರಡು ವರ್ಷ ರೋಗಿಗಳು ನೋವು ನುಂಗಿ ಎಳೆದ ಉಸಿರೆಲ್ಲ ವ್ಯರ್ಥ. ಫೋನು ಇಡುವ ಮೊದಲೇ ಹೆಲ್ಮೆಟ್ ಹಾಕಿಕೊಂಡಿದ್ದೆ.

೧. ಎತ್ತುವ ಕೆಲಸ

ಮೊದಲು ರೋಣದ ಪೇಟೆ. ಪಿತ್ತಕೋಶದ ಆಪರೇಷನ್ ಆಗಿದ್ದ ಒಬ್ಬ ಕಾಳುಕಡಿ ವ್ಯಾಪಾರಿ. ಅವರ ನೋಟ್‌ಬುಕ್ಕು ನೋಡಿ ನನಗೇ ಉಸಿರು ಕಟ್ಟಿತು. ಮನೆಗೆ ಹೋದ ಮರುದಿನದಿಂದಲೇ ಮೂರು ಹೊತ್ತೂ ಮೂರೂ ಚೆಂಡು! ಕುಸ್ತಿ ಆಡುವವರಿಗೂ ಅಷ್ಟು ಆಗಲಿಕ್ಕಿಲ್ಲ.

“ಸಾವಕಾರ್ರ, ನನ್ನ ಮುಂದ ಒಮ್ಮಿ ಎಳೀರಿ ನೋಡೂಣು.”

ಎಳೆದರು. ಒಂದು ಚೆಂಡು ಅರ್ಧಕ್ಕೆ ಎದ್ದು, ಸಂಕೋಚಪಟ್ಟು ಮತ್ತೆ ಕೂತಿತು.

“ಹಂಗಾರ ಇಷ್ಟೆಲ್ಲಾ ಎಳದಾವ್ರು ಯಾರ್ರಿ?”

ಸಾವಕಾರರು ಸ್ವಲ್ಪವೂ ಅಳುಕದೆ, ಲಾರಿಯಿಂದ ಚೀಲ ಇಳಿಸುತ್ತಿದ್ದ ಹಮಾಲನತ್ತ ಕೈ ತೋರಿಸಿದರು. “ಅಂವ್ರಿ. ಭಾಳ ನಿಯತ್ತಿನ ಮನಶಾ. ಒಂದ ಹೊತ್ತು ತಪ್ಪಿಸಿಲ್ರಿ.”

“ಅಲ್ರೀ, ಆಪರೇಷನ್ ಆಗಿದ್ದು ನಿಮಗ!”

“ಹೌದ್ರಿ, ಅದಕ್ಕ! ಹೊಲಿಗಿ ಹಾಕೇವಿ, ಏನೂ ಎತ್ತಬ್ಯಾಡ್ರಿ ಅಂತ ಡಾಕ್ಟರ್ ಸಾಹೇಬ್ರ ಹೇಳ್ಯಾರ. ಚೆಂಡ ಎತ್ತೂದೂ ಎತ್ತೂ ಕೆಲಸನ ಅಲ್ರಿ? ನಮ್ಮ ಅಂಗಡ್ಯಾಗ ಎತ್ತೂ ಕೆಲಸಕ್ಕೆಲ್ಲಾ ಅಂವನ ಇರೂದು.”

ಅರ್ಧ ತಾಸು ಬುದ್ಧಿ ಹೇಳಿ, ಆ ಪುಟಗಳ ಮೇಲೆಲ್ಲ ಕೆಂಪು ಗೆರೆ ಎಳೆದು ಹೊರಗೆ ಬಂದೆ. ಹಮಾಲ ಹೆಗಲ ಮೇಲಿನ ಟಾವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತ ಹಿಂದೆಯೇ ಬಂದ.

“ಸಾಹೇಬ್ರ, ಹದಿನೈದ ದಿನ ಆತ್ರಿ ನಾ ಎಳ್ಯಾಕತ್ತು. ನನ್ನ ಆಪರೇಷನ್ ಯಾವತ್ತ ಇಟ್ಟೀರಿ?”

೨. ನಾಲ್ಕು ಗಂಟೆಯದು

ಶುಕ್ರವಾರದ್ದು ವಾರ್ಡಿನಲ್ಲೇ ಆಯಿತು. ನರಗುಂದದ ಕಡೆಯ ಒಬ್ಬ ಗೌಡರಿಗೆ ಕರುಳಿನ ಆಪರೇಷನ್ ಆಗಿತ್ತು. ಗಾಳಿ ಹೋಗುವ ತನಕ ಹೊಟ್ಟೆಗೆ ಏನೂ ಇಲ್ಲ, ಹೋದರೆ ಚಹಾ, ಆಮೇಲೆ ಗಂಜಿ. ಹೀಗೆಂದು ನಮ್ಮ ಡಾಕ್ಟರರ ಕಟ್ಟಪ್ಪಣೆ. ಸಿಸ್ಟರು ತಾಸಿಗೊಮ್ಮೆ ಬಂದು, “ಗೌಡ್ರ, ಗಾಳಿ ಹೋತೇನ್ರಿ?” ಎಂದು ವಾರ್ಡಿಗೆಲ್ಲ ಕೇಳುವಂತೆ ವಿಚಾರಿಸುತ್ತಿದ್ದರು. ಗೌಡರ ಕಾಲ ಕಡೆ ಅವರ ಸೊಸೆ ತಲೆತುಂಬ ಸೆರಗು ಹೊದ್ದು ಕೂತಿದ್ದಳು. ಗೌಡರು ಮೀಸೆಯೂ ಅಲುಗದಂತೆ, “ಇಲ್ಲ” ಅನ್ನುತ್ತಿದ್ದರು.

ಪಕ್ಕದ ಹಾಸಿಗೆಯಲ್ಲಿ ಅವರ ಊರಿನವನೇ ಒಬ್ಬ ರೈತ. ಅವನಿಗೂ ಅಂಥದೇ ಆಪರೇಷನ್.

ಮಧ್ಯಾಹ್ನ ನಾಲ್ಕಕ್ಕೆ ಆ ಮೂಲೆಯಿಂದ ಗೋಣಿಚೀಲ ಹರಿದಂಥ ಶಬ್ದ ಬಂತು. ಸಿಸ್ಟರು ಹಿಗ್ಗಿನಿಂದ ಓಡಿ ಬಂದರು. “ಯಾರದ್ರಿ? ಯಾರದ್ರಿ?”

ಗೌಡರು ಫ್ಯಾನು ನೋಡತೊಡಗಿದರು. ಪಕ್ಕದ ರೈತ ಶಾಲೆಯ ಹುಡುಗನಂತೆ ಕೈ ಎತ್ತಿದ. “ನಂದ್ರೀ, ಅಕ್ಕಾರ.”

ಅವನಿಗೆ ಚಹಾ ಬಂತು, ಗಂಜಿ ಬಂತು. ಸಂಜೆಗೆ ಹೊಟ್ಟೆ ಡೊಳ್ಳಾಗಿ ಎಲ್ಲ ವಾಂತಿ ಮಾಡಿಕೊಂಡ. ಗೌಡರು ಮಾತ್ರ ಹಸಿವಿನಿಂದ ಕಣ್ಣು ಒಳಸೇರಿ, ಬೇರೆಯವರ ಕಪ್ಪು ಬಸಿಗಳನ್ನೇ ನೋಡುತ್ತ ಮಲಗಿದ್ದರು. ಒಬ್ಬನಿಗೆ ಗಾಳಿ ಹೋಗಿಯೂ ಹೊಟ್ಟೆ ಉಬ್ಬಿದೆ, ಇನ್ನೊಬ್ಬರಿಗೆ ಗಾಳಿಯೇ ಇಲ್ಲದೆ ಹೊಟ್ಟೆ ಇಳಿದಿದೆ. ನನಗೆ ಸಂಶಯ ಬಂತು. ಸೊಸೆಯನ್ನು ಔಷಧಿ ಅಂಗಡಿಗೆ ಕಳಿಸಿ ರೈತನನ್ನು ಹಿಡಿದೆ.

“ಯಾಕೋ, ಜೀವಕ್ಕ ಕುತ್ತ ತಂದ್ಕೊಂಡಿಯಲ್ಲೋ. ಸುಳ್ಳ ಯಾಕ ಹೇಳಿದಿ?”

“ಸರ, ಸೊಸಿ ಮುಂದ ಗೌಡ್ರ ಮಾನ ಹೋಗತಿತ್ರಿ. ಊರನ್ನಾವ್ರು ನಾವು ಮತ್ಯಾಕ ಇರೂದ್ರಿ?”

ಗೌಡರು ನನ್ನನ್ನು ಸನ್ನೆ ಮಾಡಿ ಕರೆದರು. ಬಗ್ಗಿದೆ. ಕಿವಿಯಲ್ಲಿ ಹೇಳಿದರು: “ಸರ, ನಾಕರದು ನಂದು. ಐದೂವರಿದೂ ನಂದ. ಬರಕೋರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಜರಾ ಸಣ್ಣ ಅಕ್ಷರದಾಗ ಬರೀರಿ.”

೩. ಹೆಪ್ಪು

ಶನಿವಾರ ಬೆಳಿಗ್ಗೆ ಲ್ಯಾಬಿನಿಂದ ಫೋನು. ಕರುಳಿನ ಚೇತರಿಕೆ ತಿಳಿಯಲು ಮಲವನ್ನೂ ಪರೀಕ್ಷಿಸುತ್ತಿದ್ದೆವು. ಗಜೇಂದ್ರಗಡದ ಒಂದು ಓಣಿಯಿಂದ ನಾಲ್ಕು ಜನರ ಮಾದರಿ ಬಂದಿದ್ದವು. ಒಂದು, ಕರುಳಿನ ಆಪರೇಷನ್ ಆದ ಹೆಂಗಸಿನದು. ಹೋಲಿಸಿ ನೋಡಲು ಬೇಕೆಂದು ಮೂರು, ಆರೋಗ್ಯವಾಗಿದ್ದ ನೆರೆಮನೆಯವರದು.

“ಸರ, ನಾಕೂ ಡಬ್ಬ್ಯಾಗ ಒಂದ ನಮೂನಿ ಜಂತಿನ ತತ್ತಿ ಅದಾವ್ರಿ. ಹೋಗ್ಲಿ ಅನ್ರಿ. ನಾಕರಾಗೂ ಅದ ಮೆಣಸಿನಕಾಯಿ ಬೀಜ!”

ಗಾಡಿ ಹತ್ತಿದೆ. ಆಪರೇಷನ್ ಆದ ಹೆಂಗಸು ಏನೂ ಮುಚ್ಚಿಡಲಿಲ್ಲ. “ನಿಮ್ಮ ಮನಶಾ ಮುಂಜಾನೆದ್ದು ಡಬ್ಬಿ ಒಯ್ಯಾಕ ಬಂದು ಬಾಗಲದಾಗ ನಿಂತಿದ್ನರಿ. ನನಗ ಇನ್ನೂ ಆಗಿದ್ದಿಲ್ಲ. ಮನಿಗೆ ಬಂದಾವ್ರನ್ನ ಬರಿಗೈಲೆ ಹ್ಯಾಂಗ ಕಳಸೂದ್ರಿ? ಮಗ್ಗಲ ಮನಿಯಾಕಿನ್ನ ಕೇಳಿದೆ.”

ಮಗ್ಗುಲ ಮನೆಯಾಕೆಗೂ ಆಗಿರಲಿಲ್ಲ. ಆಕೆ ಆಚೆ ಮನೆಯಲ್ಲಿ ಕೇಳಿದ್ದಳು. ಆಚೆ ಮನೆಯವರು ಓಣಿಯ ತುದಿಯ ಮನೆಗೆ ಹೋಗಿದ್ದರು. ಅಲ್ಲಿಯ ಯಜಮಾನರಿಗೆ ದೇವರು ಕಡಿಮೆ ಮಾಡಿರಲಿಲ್ಲ. ನಾಲ್ಕೂ ಡಬ್ಬಿ ಅವರೊಬ್ಬರಿಂದಲೇ ತುಂಬಿದ್ದವು.

ನೇರ ಅವರ ಬಾಗಿಲಿಗೆ ಹೋದೆ. “ಓದಿದಾವ್ರು ನೀವು. ನೀವರ ಇಲ್ಲ ಅನಬಾರದಾಗಿತ್ತೇನ್ರಿ?”

ಯಜಮಾನರು ನಿಜವಾಗಿಯೂ ನೊಂದುಕೊಂಡರು. “ಏನ್ ಮಾತ್ರೀ ಸರ! ಓಣ್ಯಾಗಿನಾವ್ರು ಹೆಪ್ಪ ಕೇಳಾಕ ಬಂದ್ರ ಇಲ್ಲ ಅಂತೀವೇನ್ರಿ?”

ಒಳಗಿನಿಂದ ಅವರ ಹೆಂಡತಿ ಸಮಾಧಾನ ಹೇಳಿದರು: “ಸಿಟ್ಟಾಗಬ್ಯಾಡ್ರಿ ಸರ. ನಾಳಿ ಅವರೂ ತಿರುಗಿ ಕೊಡ್ತಾರ.”

೪. ಮೂರು ಮನೆ

ಸೋಮವಾರ ಏನಾಯಿತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ತಪಾಸಣೆಗೆ ಬಂದ ಮೇಡಂ ಕೆಂಪು ಗೆರೆಗಳನ್ನೆಲ್ಲ ನೋಡಿ ಮುಖ ಗಂಟಿಕ್ಕಿದರು. ಕೊನೆಗೆ ಒಂದು ನೋಟ್‌ಬುಕ್ಕಿನ ಮುಂದೆ ನಿಂತರು. ಅದರಲ್ಲಿ ಮೂರು ದಿನದ ಚೌಕ ಮನೆಗಳಲ್ಲಿ, ಗೆರೆ ದಾಟಿ ಹೋಗುವಷ್ಟು ದೊಡ್ಡದಾಗಿ ಕತ್ತರಿ ಆಕಾರದಲ್ಲಿ ಹಾಕಿದ ಮೂರು ಕಾಟು ಇದ್ದವು. “ಇವನ್ನು ತುಂಬಿಬಿಡುವುದು ಎಷ್ಟು ಸುಲಭವಿತ್ತು!” ಎಂದರು. “ತುಂಬಿಲ್ಲವಲ್ಲ. ಇಂಥವರು ಒಬ್ಬರಿದ್ದರೂ ಈ ಕೇಂದ್ರ ಮುಚ್ಚುವುದು ಬೇಡ. ಆರು ತಿಂಗಳು ಕೊಡುತ್ತೇನೆ, ಸರಿಮಾಡಿಕೊಳ್ಳಿ.” ಎಲ್ಲರೂ ನನ್ನ ಕಡೆ ನೋಡಿ ತಲೆದೂಗಿದರು. ನಾನು ನೆಲ ನೋಡಿದೆ.

ಯಾಕೆಂದರೆ ಹಿಂದಿನ ದಿನ, ಭಾನುವಾರ, ನಾನು ಲಕ್ಕಲಕಟ್ಟಿಗೆ ಹೋಗಿದ್ದೆ. ಕರುಳು ತೊಡಕಾಗಿ ಆಪರೇಷನ್ ಮಾಡಿಸಿಕೊಂಡ ಒಬ್ಬ ಮುದುಕಿಯ ಮನೆ. ಅಕ್ಷರ ಬರುವುದಿಲ್ಲ, ಎದ್ದ ಚೆಂಡಿಗೆ ಒಂದರಂತೆ ಸೊನ್ನೆ ಹಾಕುತ್ತಿದ್ದಳು. ಒಂದು ದಿನ ಒಂದು, ಒಂದು ದಿನ ಎರಡು, ಕೆಮ್ಮು ಬಂದ ದಿನ ಮತ್ತೆ ಒಂದೇ. ನಾಲ್ಕು ದಿನದಲ್ಲಿ ನಾನು ಕಂಡ ಮೊದಲ ಖರೇ ಬರಹ. ಆದರೆ ಮೂರು ಮನೆ ಖಾಲಿ. ಎರಡು ಖಾಲಿ ಇದ್ದರೆ ನಡೆಯುತ್ತಿತ್ತು, ಮೂರಾದರೆ ನೋಟ್‌ಬುಕ್ಕೇ ರದ್ದು. ಆಗಲೇ ಸಾಕಷ್ಟು ರದ್ದಾಗಿದ್ದವು. ಇದೂ ಹೋದರೆ ಕೇಂದ್ರ ಉಳಿಯುವಂತಿರಲಿಲ್ಲ.

“ಯವ್ವಾ, ಈ ಮೂರ ದಿನ ಏನಾತು?”

“ಎಮ್ಮಿ ಈದಿತ್ತೋ ಯಪ್ಪಾ. ಡಬ್ಬಿ ನೆನಪ ಹಾರಿತು.”

ಆಗ ನನ್ನ ಬಾಯಿಂದ, ಹುಟ್ಟಿದಾಗಿನಿಂದ ನಾನು ಯಾರ ಬಾಯಲ್ಲೂ ಕ್ಷಮಿಸದ ಒಂದು ಶಬ್ದ ಹೊರಬಿತ್ತು. “ಅಂದಾಜ ಎಷ್ಟ ಏಳತಿದ್ವು?”

“ಎಳದಿದ್ರ ಎರಡ ಏಳತಿದ್ವು. ಎಳದಿಲ್ಲಲ್ಲ.”

“ಮೂರೂ ಮನಿ ತುಂಬೂದ ಬ್ಯಾಡ. ಒಂದ ಮನೀಗೆ ಎರಡ ಸೊನ್ನಿ ಹಾಕಿದ್ರ ಸಾಕು.” ಪೆನ್ನು ತೆಗೆದು ಮುಂದೆ ಹಿಡಿದೆ.

ಮುದುಕಿ ಪೆನ್ನು ಮುಟ್ಟಲಿಲ್ಲ. ನೋಟ್‌ಬುಕ್ಕಿನ ಮೊದಲ ಪುಟ ತೆರೆದು ನನ್ನ ಮುಂದಿಟ್ಟಳು. “ಇಲ್ಲೇನ ಬರದೈತಿ, ಓದು. ಮೊಮ್ಮಗಳು ದಿನಾ ಓದಿ ಹೇಳತಾಳ ನನಗ.”

“ಅದು ಗೊತ್ತೈತಿ ಯವ್ವಾ…”

“ಗೊತ್ತಿದ್ರ ಓದು.”

ಓದಿದೆ. ನಿಮ್ಮ ದೇಹದಲ್ಲಿ ಆದದ್ದನ್ನು ನೀವೇ ಹೇಳಬೇಕು… ಆಗದೇ ಇದ್ದರೆ ‘ಆಗಿಲ್ಲ’ ಎನ್ನಬೇಕು.

ಮುದುಕಿ ಹತ್ತಿರ ಸರಿದು, ಮರುಕದಿಂದ ಮೆಲ್ಲಗೆ ಹೇಳಿದಳು: “ಇದನ್ನ ಬರದಾಂವ ಭಾಳ ಖಡಕ್ ಮನಶಾ ಅದಾನಂತ. ದವಾಖಾನ್ಯಾಗ ಎಲ್ಲಾರೂ ಅಂವಗ ಹೆದರತಾರ. ಅಂವಗ ಗೊತ್ತಾದ್ರ ನಿನ್ನ ನೌಕರಿ ಉಳಿಯಂಗಿಲ್ಲ ನೋಡು, ಪಾಪ.”



ಆಕೆ ನನ್ನ ಕೈಯಿಂದ ಪೆನ್ನು ಕಸಿದುಕೊಂಡಳು. ಖಾಲಿ ಇದ್ದ ಮೂರೂ ಮನೆಗಳಿಗೆ, ಇನ್ನು ಯಾರ ಸೊನ್ನೆಗೂ ಜಾಗ ಉಳಿಯದಂತೆ, ಮೂರು ದೊಡ್ಡ ಕಾಟು ಹಾಕಿದಳು. ಆಮೇಲೆ ಪೆನ್ನನ್ನು ತನ್ನ ಎಲೆಅಡಿಕೆ ಸಂಚಿಯೊಳಗೆ ತುರುಕಿ, ದಾರ ಬಿಗಿದು, ಸಂಚಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎಮ್ಮೆ ಹಿಂಡಲು ಹೋದಳು.